ವಾರಗಟ್ಟಲೆ ನಿಲ್ಲುವ ಸ್ಪೋರ್ಟ್ಸ್ ಕಾರಿಗೆ ಯಾವ ಬ್ಯಾಟರಿ ಹಾಕಿಸಬೇಕು?

ಪ್ರಶ್ನೆ: ನನ್ನದು ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಬ್ಯಾಟರಿ ಡಿಕ್ಕಿಯಲ್ಲಿದೆ, 60 ಆಂಪಿಯರ್-ಅವರ್‌ನದು. ತಿಂಗಳಲ್ಲಿ ಎರಡು ಮೂರು ಸಲ ಓಡಿಸುತ್ತೇನೆ, ಅಪರೂಪಕ್ಕೆ ಟ್ರ್ಯಾಕ್‌ಗೂ ಒಯ್ಯುತ್ತೇನೆ. ಈಗ ಎರಡು ವಾರ ನಿಂತರೆ ಸಾಕು, ಸೆಲ್ಫ್ ತಗೊಳ್ಳುವುದಿಲ್ಲ. ಮೆಕ್ಯಾನಿಕ್ ‘ದೊಡ್ಡದು ಹಾಕ್ಸಿಬಿಡಿ’ ಅಂತಾರೆ. ಗೆಳೆಯನೊಬ್ಬ ‘ಲಿಥಿಯಂ ಹಾಕು, ಹದಿನೈದು ಕೆಜಿ ಉಳಿಯುತ್ತೆ’ ಅಂತಾನೆ. ಅಂಗಡಿಯವರು ‘ಮಾಮೂಲಿ ಬ್ಯಾಟರಿಯೇ ಸಾಕು’ ಅಂದರು. ಯಾರ ಮಾತು ಕೇಳಲಿ?

ಉತ್ತರ: ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ‘ತಿಂಗಳಲ್ಲಿ ಎರಡು ಮೂರು ಸಲ’ ಎಂಬ ಮಾತು. ಅಂದರೆ ಉಳಿದ ದಿನವೆಲ್ಲ ಕಾರು ನಿಂತೇ ಇರುತ್ತದೆ. ಇಂಥ ಕಾರುಗಳ ಬ್ಯಾಟರಿ ಓಡಿ ಓಡಿ ಹಾಳಾಗುವುದು ಕಡಿಮೆ. ನಿಂತು ನಿಂತೇ ಹಾಳಾಗುವುದು ಜಾಸ್ತಿ. ಹಾಗಾಗಿ ನಿಲ್ಲುವ ಕಾರಿಗೆ ತಕ್ಕ ಬ್ಯಾಟರಿ ಆರಿಸಿ. ನೇರವಾಗಿ ಹೇಳಿಬಿಡುತ್ತೇನೆ: ಕಾರಿನ ಜೊತೆ ಬಂದ ಪುಸ್ತಕ ಹೇಳುವ ಅಳತೆಯ ಒಳ್ಳೆಯ ಎಜಿಎಂ ಬ್ಯಾಟರಿ (ಆಸಿಡ್ ತುಳುಕದಂಥ ಸೀಸದ ಬ್ಯಾಟರಿ), ಅದರ ಜೊತೆಗೊಂದು ಸ್ಮಾರ್ಟ್ ಚಾರ್ಜರ್. ಲಿಥಿಯಂ ನಿಮಗೆ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಒಂದು ಸಣ್ಣ ಲೆಕ್ಕ. ಬೀಗ ಹಾಕಿ ನಿಲ್ಲಿಸಿದ ಕಾರೂ ಕರೆಂಟು ತಿನ್ನುತ್ತಲೇ ಇರುತ್ತದೆ. ಅಲಾರಂ, ರಿಮೋಟ್ ಬೀಗದ ರಿಸೀವರ್, ಗಡಿಯಾರ, ಕಂಪ್ಯೂಟರ್‌ಗಳ ನೆನಪು, ಎಲ್ಲಕ್ಕೂ ಚೂರುಚೂರು ಬೇಕು. ಎಲ್ಲ ಸೇರಿ 50 ಮಿಲಿಆಂಪಿಯರ್ ಒಳಗಿದ್ದರೆ ಸಾಮಾನ್ಯವಾಗಿ ಸರಿ ಎನ್ನುತ್ತಾರೆ. 40 ಅಂತಲೇ ಇಟ್ಟುಕೊಳ್ಳಿ. ದಿನಕ್ಕೆ ಹತ್ತಿರ ಹತ್ತಿರ 1 ಆಂಪಿಯರ್-ಅವರ್ ಹೋಯಿತು (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್). ನಿಮ್ಮ 60ರ ಬ್ಯಾಟರಿ ಹೊಸದಿದ್ದಾಗ ಅರ್ಧಕ್ಕೆ ಇಳಿಯಲು ಒಂದು ತಿಂಗಳು ಹಿಡಿಯುತ್ತಿತ್ತು. ಈಗ ಅದು ಹಳೆಯದಾಗಿ ಒಳಗೆ 35ರಷ್ಟು ಮಾತ್ರ ಉಳಿದಿದೆ ಅನ್ನಿ. ಎರಡೂವರೆ ವಾರಕ್ಕೇ ಅರ್ಧ ಖಾಲಿ. ಹಳೆಯ ಬ್ಯಾಟರಿ ಅರ್ಧ ಚಾರ್ಜಿನಲ್ಲಿ ಸ್ಟಾರ್ಟರ್ ತಿರುಗಿಸಲು ಒದ್ದಾಡುತ್ತದೆ. ನೀವು ಹೇಳಿದ ಎರಡು ವಾರಕ್ಕೆ ಇದು ಹತ್ತಿರ ಹತ್ತಿರ ಕೂರುತ್ತದೆ ಅಲ್ವಾ?

ಅರ್ಧ ಖಾಲಿಯಾಗಿ ನಿಲ್ಲುವುದರಲ್ಲಿ ಇನ್ನೊಂದು ತೊಂದರೆ ಇದೆ. ಸೀಸದ ಬ್ಯಾಟರಿ ಖಾಲಿಯಾಗುತ್ತಾ ಹೋದಂತೆ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ತಡಮಾಡದೆ ಚಾರ್ಜ್ ಮಾಡಿದರೆ ಅದು ಕರಗಿ ಹೋಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿ ಹರಳಾಗಿ ಕೂತುಬಿಡುತ್ತದೆ, ಆಮೇಲೆ ಜಗ್ಗುವುದಿಲ್ಲ. ಅಷ್ಟು ಸಾಮರ್ಥ್ಯ ಹೋದ ಹಾಗೆಯೇ. ಹಾಗಾಗಿ ಪ್ರತಿ ಸಲ ಜಂಪ್ ಸ್ಟಾರ್ಟ್ ಮಾಡಿ ಒಂದು ಸುತ್ತು ಹೊಡೆದು ಬಂದು ನಿಲ್ಲಿಸುವವರ ಬ್ಯಾಟರಿ, ದಿನಾ ಓಡಾಡುವ ಟ್ಯಾಕ್ಸಿಯ ಬ್ಯಾಟರಿಗಿಂತ ಮೊದಲೇ ಹೋಗುವುದರಲ್ಲಿ ಆಶ್ಚರ್ಯ ಏನೂ ಇಲ್ಲ.

ಆದರೆ ತಪ್ಪು ಬ್ಯಾಟರಿಯದ್ದೇ ಅಂತ ತೀರ್ಮಾನಿಸುವ ಮೊದಲು ಒಂದು ಪರೀಕ್ಷೆ ಮಾಡಲೇಬೇಕು. ಕಾರು ನಿಜವಾಗಿ ಎಷ್ಟು ಕರೆಂಟು ಕುಡಿಯುತ್ತಿದೆ? ಇದನ್ನು ಅಳೆಯದೆ ಹೊಸ ಬ್ಯಾಟರಿ ಹಾಕಿದರೆ ಸುಮ್ನೆ ದುಡ್ಡು ದಂಡ. ಒಂದು ಮಲ್ಟಿಮೀಟರ್ ಸಾಕು. ಬ್ಯಾಟರಿ ಡಿಕ್ಕಿಯಲ್ಲಿ ಇರುವುದರಿಂದ ನಿಮಗೆ ಒಂದು ತಲೆನೋವು ಇದೆ: ಡಿಕ್ಕಿ ತೆರೆದರೆ ಅಲ್ಲಿನ ದೀಪ ಹತ್ತುತ್ತದೆ, ಕಾರು ಎಚ್ಚರವಾಗಿಯೇ ಇರುತ್ತದೆ. ಅದಕ್ಕೆ ಡಿಕ್ಕಿ ಬಾಗಿಲಿನ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ‘ಟಕ್’ ಅನ್ನಿಸಿ. ಡಿಕ್ಕಿ ಮುಚ್ಚಿತು ಅಂತ ಕಾರು ನಂಬುತ್ತದೆ. (ಆಮೇಲೆ ನಿಜವಾಗಿ ಮುಚ್ಚುವ ಮೊದಲು ರಿಮೋಟ್ ಒತ್ತಿ ಆ ಲಾಕನ್ನು ಬಿಡಿಸಿ. ಮರೆತು ಬಾಗಿಲನ್ನು ಬಡಿದರೆ ಲಾಕೇ ಬಾಗುತ್ತದೆ.) ಬಾಗಿಲುಗಳಿಗೆ ಬೀಗ ಹಾಕಿ. ಕೀಲಿಯನ್ನು ದೂರ, ಬೇರೆ ಕೋಣೆಯಲ್ಲಿ ಇಟ್ಟು ಬನ್ನಿ. ಹತ್ತಿರವೇ ಇದ್ದರೆ ಕೀಲೆಸ್ ಕಾರುಗಳು ನಿದ್ದೆಗೆ ಜಾರುವುದಿಲ್ಲ.

ಮೀಟರಿನ ಕೆಂಪು ತಂತಿಯನ್ನು ಅದರ 10 ಆಂಪಿಯರ್ ತೂತಿಗೆ ಹಾಕಿ. ಒಂದು ತಂತಿ ಮೈನಸ್ ಟರ್ಮಿನಲ್‌ಗೆ, ಇನ್ನೊಂದು ಮೈನಸ್ ಕೇಬಲ್‌ನ ಕ್ಲಾಂಪ್‌ಗೆ. ಎರಡೂ ಭದ್ರವಾಗಿ ಕೂತ ಮೇಲೆ ಕ್ಲಾಂಪನ್ನು ಮೆಲ್ಲಗೆ ಟರ್ಮಿನಲ್‌ನಿಂದ ಎತ್ತಿ. ಈಗ ಕರೆಂಟು ಮೀಟರ್ ಮೂಲಕವೇ ಹರಿಯುತ್ತದೆ. ಮೊದಲಿಗೆ ಹಲವು ಆಂಪಿಯರ್ ತೋರಿಸಬಹುದು, ಗಾಬರಿಯಾಗಬೇಡಿ. ಒಂದೊಂದೇ ಕಂಪ್ಯೂಟರ್ ಮಲಗಿದಂತೆ ಅಂಕಿ ಮೆಟ್ಟಿಲಿಳಿಯುತ್ತದೆ. ಕೆಲವು ಕಾರುಗಳಿಗೆ ಅರ್ಧ ಗಂಟೆ, ಕೆಲವಕ್ಕೆ ಅದಕ್ಕೂ ಜಾಸ್ತಿ ಬೇಕು. ಈ ಹೊತ್ತಿನಲ್ಲಿ ಅಪ್ಪಿತಪ್ಪಿಯೂ ಕಾರು ಸ್ಟಾರ್ಟ್ ಮಾಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ.

ಕೊನೆಗೆ 50 ಮಿಲಿಆಂಪಿಯರ್ ಒಳಗೆ ನಿಂತರೆ ಕಾರು ಕರೆಂಟು ಕದಿಯುತ್ತಿಲ್ಲ, ಬ್ಯಾಟರಿಯೇ ಮುಗಿದಿರಬಹುದು. 200, 300 ತೋರಿಸುತ್ತಿದ್ದರೆ ಕಳ್ಳ ಕಾರಿನೊಳಗೇ ಇದ್ದಾನೆ. ಒಂದೊಂದೇ ಫ್ಯೂಸ್ ತೆಗೆದು ನೋಡಿ, ಯಾವುದನ್ನು ತೆಗೆದಾಗ ಅಂಕಿ ಬೀಳುತ್ತದೋ ಆ ಸಾಲಿನಲ್ಲಿ ಹುಡುಕಿ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಸಿಕ್ಕಿಬೀಳುವುದು ಆಮೇಲೆ ಹಾಕಿಸಿದ ಸಾಮಾನು. ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಆಂಪ್ಲಿಫೈಯರ್, ಇಂಥವು. ಇಷ್ಟಾದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಬ್ಯಾಟರಿ ಟರ್ಮಿನಲ್‌ನಲ್ಲೇ ವೋಲ್ಟೇಜ್ ನೋಡಿ. ಸಾಧಾರಣವಾಗಿ 13.8ರಿಂದ 14.7ರ ನಡುವೆ ಇರಬೇಕು. ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಯಂತ್ರ) ಹತ್ತಿರ ಸರಿ ಇದ್ದು ಡಿಕ್ಕಿಯಲ್ಲಿ ಕಡಿಮೆ ಬಂದರೆ ನಡುವಿನ ಉದ್ದನೆಯ ಕೇಬಲ್ ಅಥವಾ ಅರ್ಥಿಂಗ್‌ನಲ್ಲಿ ತೊಂದರೆ ಇದೆ. ಹೊಸ ಕಾರುಗಳ ಸ್ಮಾರ್ಟ್ ಆಲ್ಟರ್ನೇಟರ್ ವೋಲ್ಟೇಜನ್ನು ತಾನೇ ಏರಿಸಿ ಇಳಿಸಿ ಮಾಡುತ್ತದೆ. ಅಲ್ಲಿ ಒಂದು ಸಲ ನೋಡಿ ತೀರ್ಪು ಕೊಡಬೇಡಿ.

ಬ್ಯಾಟರಿಯೇ ಮುಗಿದಿದೆ ಅಂತ ಖಾತ್ರಿಯಾಯಿತು ಅನ್ನಿ. ಈಗ ಆಯ್ಕೆಗೆ ಬರೋಣ.

ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಬ್ಯಾಟರಿ ಆ ಜಾಗದಲ್ಲಿ ಸರಿಯಾಗಿ ಕೂರುತ್ತದೆಯೇ ಎಂದು. ಯುರೋಪಿನ ಅಳತೆಯ ಬ್ಯಾಟರಿಗಳಲ್ಲಿ ಎಚ್5, ಎಚ್6, ಎಚ್7, ಎಚ್8 ಅಂತ ಬರುತ್ತವೆ. ಎಲ್ಲದರ ಅಗಲ 175 ಮಿ.ಮೀ., ಎತ್ತರ 190 ಮಿ.ಮೀ. ಉದ್ದ ಮಾತ್ರ ಬೇರೆ: ಸುಮಾರು 242, 278, 315, 353. ಇದೇ ಸಾಲಿನಲ್ಲಿ 175 ಮಿ.ಮೀ. ಎತ್ತರದ ಗಿಡ್ಡ ಬ್ಯಾಟರಿಗಳೂ ಇವೆ. ಎತ್ತರದಲ್ಲಿ 15 ಮಿ.ಮೀ. ಅಂದರೆ ಏನು ಮಹಾ ಅಂತ ಅನ್ನಿಸಬಹುದು. ಆದರೆ ಮೇಲೆ ಲೋಹದ ಮುಚ್ಚಳ ಇದ್ದರೆ ಪ್ಲಸ್ ಟರ್ಮಿನಲ್ ಅದಕ್ಕೆ ತಗುಲಲು ಅಷ್ಟೇ ಸಾಕು. ಜಪಾನಿ ಕಾರುಗಳಲ್ಲಿ ಲೆಕ್ಕವೇ ಬೇರೆ. ಅಲ್ಲಿ ಸಣ್ಣ ಬ್ಯಾಟರಿಗಳ ಟರ್ಮಿನಲ್ ಗೂಟವೇ ತೆಳ್ಳಗೆ. ಆ ಕ್ಲಾಂಪು ಯುರೋಪಿನ ದಪ್ಪ ಗೂಟಕ್ಕೆ ಇಳಿಯುವುದಿಲ್ಲ. ಸುತ್ತಿಗೆಯಲ್ಲಿ ಬಡಿದು ಇಳಿಸುವವರೂ ಇದ್ದಾರೆ. ಗೂಟ ಮೆತ್ತನೆ ಸೀಸ, ಒಳಗಡೆ ಬಿರುಕು ಬಿಡುತ್ತದೆ.

ಪ್ಲಸ್ ಯಾವ ಕಡೆ ಇದೆ ಅನ್ನುವುದನ್ನೂ ನೋಡಿ. ಹಳೆಯದರ ಫೋಟೊ ತೆಗೆದುಕೊಂಡು ಹೋಗುವುದೇ ಸುಲಭ. ಉಲ್ಟಾ ಬ್ಯಾಟರಿ ಬಂದರೆ ಕೇಬಲ್ ಮುಟ್ಟುವುದಿಲ್ಲ. ಮುಟ್ಟಿದರೆ ಇನ್ನೂ ಅಪಾಯ. ಹಾಗೆಯೇ ಬ್ಯಾಟರಿಯನ್ನು ಅಲುಗದಂತೆ ಹಿಡಿಯುವ ಪಟ್ಟಿ. ಕೆಲವು ಕಾರುಗಳಲ್ಲಿ ಅದು ಮೇಲಿನಿಂದ ಬಿಗಿಯುತ್ತದೆ, ಕೆಲವದರಲ್ಲಿ ಬ್ಯಾಟರಿಯ ಬುಡದ ಅಂಚನ್ನು ಹಿಡಿಯುತ್ತದೆ. ಬುಡದ ಅಂಚೇ ಇಲ್ಲದ ಬ್ಯಾಟರಿ ತಂದರೆ ಕಟ್ಟಲು ಜಾಗವೇ ಇರುವುದಿಲ್ಲ. ನೀವು ಟ್ರ್ಯಾಕ್‌ಗೂ ಹೋಗುವವರು. ತಿರುವಿನಲ್ಲಿ ಇಪ್ಪತ್ತು ಕೆಜಿಯ ಸೀಸದ ಗಟ್ಟಿ ಡಿಕ್ಕಿಯಲ್ಲಿ ಓಡಾಡಬಾರದು.

ಇನ್ನು ಡಿಕ್ಕಿಯ ಬ್ಯಾಟರಿಗೆ ಬಹಳ ಮುಖ್ಯವಾದದ್ದು, ಅಂಗಡಿಯವರು ಹೇಳದೆ ಬಿಡುವುದು: ಗಾಳಿಕೊಳವೆ. ಚಾರ್ಜ್ ಆಗುವಾಗ ಸೀಸದ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ, ಅದರ ಜೊತೆ ಆಸಿಡ್ ಹಬೆಯೂ ಸ್ವಲ್ಪ ಬರುತ್ತದೆ. ಬಾನೆಟ್ ಕೆಳಗಾದರೆ ಗಾಳಿಗೆ ಹಾರಿಹೋಗುತ್ತದೆ. ಡಿಕ್ಕಿಯಲ್ಲಾದರೆ ಎಲ್ಲಿಗೆ ಹೋಗಬೇಕು? ಅದಕ್ಕೇ ಅಲ್ಲಿ ತೆಳುವಾದ ರಬ್ಬರ್ ಕೊಳವೆ ಇರುತ್ತದೆ, ನೆಲಹಾಸಿನ ತೂತಿನಿಂದ ಕಾರಿನ ಕೆಳಗೆ ಇಳಿಯುತ್ತದೆ. ಹಳೆಯ ಬ್ಯಾಟರಿಯ ಪಕ್ಕದಲ್ಲಿ ಎಲ್ ಆಕಾರದ ಸಣ್ಣ ಪ್ಲಾಸ್ಟಿಕ್ ಮೊಣಕೈ ಸಿಕ್ಕಿಸಿರುತ್ತಾರೆ. ಅದನ್ನು ಬಿಸಾಡಬೇಡಿ, ಹೊಸದಕ್ಕೆ ಬೇಕು. ಹೊಸ ಬ್ಯಾಟರಿಗೆ ಎರಡೂ ತುದಿಯಲ್ಲಿ ತೂತು ಇದ್ದರೆ ಕೊಳವೆ ಇಲ್ಲದ ಕಡೆಯದನ್ನು ಪುಟ್ಟ ಬಿರಡೆಯಿಂದ ಮುಚ್ಚಬೇಕು. ಎಷ್ಟೋ ಸಲ ಬಿರಡೆ ತಪ್ಪು ಕಡೆ ಇರುತ್ತದೆ, ಕೊಳವೆ ಸುಮ್ನೆ ಪಕ್ಕದಲ್ಲಿ ನೇತಾಡುತ್ತಿರುತ್ತದೆ. ಸ್ವಲ್ಪ ಸಮಯಕ್ಕೆ ಡಿಕ್ಕಿಯ ತಗಡಿಗೆ ತುಕ್ಕು.

1989ರಲ್ಲಿ ಬಂದ ಮೊದಲ ಮಾಜ್ದಾ ಎಂಎಕ್ಸ್-5 ಕಾರನ್ನು ನೋಡಿ. ಅದರ ಬ್ಯಾಟರಿಯೂ ಡಿಕ್ಕಿಯಲ್ಲೇ. ಕಂಪನಿಯವರೇ ಸೀಲ್ ಮಾಡಿದ ಬ್ಯಾಟರಿ ಹಾಕಿ, ಹೊರಗೆ ಕೊಳವೆಯನ್ನೂ ಕೊಟ್ಟಿದ್ದರು. ಇದಕ್ಕೆ ಉಲ್ಟಾ ಕಥೆ ಶೆವ್ರೊಲೆ ಕಾರ್ವೆಟ್‌ನ ಐದನೆಯ ತಲೆಮಾರಿನದು, 1997ರಿಂದ 2004ರವರೆಗಿನದು. ಅಲ್ಲಿ ಬ್ಯಾಟರಿ ಇರುವುದು ಬಾನೆಟ್ ಕೆಳಗೆ, ಅದರ ಬುಡದಲ್ಲೇ ವೈರಿಂಗ್ ಮತ್ತು ಎಂಜಿನ್ ಕಂಪ್ಯೂಟರ್. ಬ್ಯಾಟರಿ ಸೋರಿದರೆ ಆಸಿಡ್ ನೇರ ಅವುಗಳ ಮೇಲೆ. ಆ ಕಾರು ಇಟ್ಟುಕೊಂಡವರೆಲ್ಲ ಸೋರದ ಎಜಿಎಂ ಹಾಕಿ ಅಂತ ಒಬ್ಬರಿಗೊಬ್ಬರು ಹೇಳುವುದು ಇದಕ್ಕೇ.

ಎಜಿಎಂ ಕೂಡ ಸೀಸ-ಆಸಿಡ್ ಬ್ಯಾಟರಿಯೇ. ಆಸಿಡ್ ಒಳಗೆ ತುಳುಕುವ ಬದಲು ಗಾಜಿನ ನಾರಿನ ಹಾಸಿನಲ್ಲಿ ಹೀರಿಕೊಂಡು ಕೂತಿರುತ್ತದೆ. ಅನಿಲ ಹೆಚ್ಚಿನಂಶ ಒಳಗೇ ಮತ್ತೆ ನೀರಾಗುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸ ಇಲ್ಲ. ಅದುರಿದರೂ ಪ್ಲೇಟ್ ಬೇಗ ಉದುರುವುದಿಲ್ಲ. ನಿಂತಾಗ ತನ್ನಷ್ಟಕ್ಕೆ ಚಾರ್ಜ್ ಕಳೆದುಕೊಳ್ಳುವುದು ಮಾಮೂಲಿ ಬ್ಯಾಟರಿಗಿಂತ ಕಡಿಮೆ. ಪದೇ ಪದೇ ಅರ್ಧಕ್ಕೆ ಇಳಿದು ಏರಿದರೂ ಹೆಚ್ಚು ದಿನ ತಾಳುತ್ತದೆ. ನಿಮ್ಮ ಬಳಕೆಗೆ ಇದು ಸರಿಯಾದ ಜಾತಿ. ಹಾಗಂತ ಎಜಿಎಂಗೂ ಕೊಳವೆ ಬೇಕೇ ಅಂತ ಕೇಳಬಹುದು. ಬೇಕು. ಆಲ್ಟರ್ನೇಟರ್ ಕೆಟ್ಟು ವೋಲ್ಟೇಜ್ ಏರಿದರೆ ಅದರ ವಾಲ್ವ್ ಕೂಡ ತೆರೆದು ಅನಿಲ ಬಿಡುತ್ತದೆ.

ಇದಕ್ಕೂ ಒಂದು ದೌರ್ಬಲ್ಯ ಇದೆ. ಬಿಸಿ ಮತ್ತು ಅತಿಯಾದ ಚಾರ್ಜ್ ಎರಡೂ ಆಗುವುದಿಲ್ಲ. ಒಳಗೆ ಇರುವ ನೀರು ಕಡಿಮೆ, ಹೋದರೆ ತುಂಬಲು ದಾರಿಯಿಲ್ಲ. ಟರ್ಬೊ ಪಕ್ಕದಲ್ಲಿ ಬ್ಯಾಟರಿ ಇರುವ ಕಾರುಗಳಲ್ಲಿ, ಕಂಪನಿಯೇ ಮಾಮೂಲಿ ಬ್ಯಾಟರಿ ಕೊಟ್ಟಿದ್ದರೆ ಎಜಿಎಂಗೆ ಹಾರುವ ಮುನ್ನ ಯೋಚಿಸಬೇಕು. ನಿಮ್ಮದು ತಂಪಾದ ಡಿಕ್ಕಿ, ಆ ಚಿಂತೆ ಇಲ್ಲ. ಇಎಫ್‌ಬಿ ಅಂತ ಇನ್ನೊಂದು ಸಿಗುತ್ತದೆ. ಅದು ಸ್ಟಾರ್ಟ್-ಸ್ಟಾಪ್ ಕಾರುಗಳಿಗೆ ಗಟ್ಟಿ ಮಾಡಿದ ಮಾಮೂಲಿ ಬ್ಯಾಟರಿ. ನಿಮಗೆ ಅದರಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ.

ಈಗ ಲೇಬಲ್ ಮೇಲಿನ ಅಂಕಿಗಳು. ಎರಡು ಸಾಕು. ಒಂದು ಆಂಪಿಯರ್-ಅವರ್: ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅನ್ನುವುದು. ಇದನ್ನು 20 ಗಂಟೆಯ ನಿಧಾನದ ಬಳಕೆಯಲ್ಲಿ ಅಳೆಯುತ್ತಾರೆ. 70 ಅಂತ ಬರೆದಿದ್ದರೆ 3.5 ಆಂಪಿಯರ್‌ನಂತೆ 20 ಗಂಟೆ ಕೊಡುತ್ತದೆ ಎಂದರ್ಥ. ಇನ್ನೊಂದು ಸಿಸಿಎ: ಚಳಿಯಲ್ಲಿ ಸ್ಟಾರ್ಟರ್‌ಗೆ ಎಷ್ಟು ಜೋರಾಗಿ ತಳ್ಳಬಲ್ಲದು ಅನ್ನುವುದು. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆಯುತ್ತಾರೆ. ಅಮೆರಿಕದ ಎಸ್‌ಎಇ ಪದ್ಧತಿಯಲ್ಲಿ 30 ಸೆಕೆಂಡ್ ಆದ ಮೇಲೂ 7.2 ವೋಲ್ಟ್ ಇರಬೇಕು, ಯುರೋಪಿನ ಇಎನ್ ಪದ್ಧತಿಯಲ್ಲಿ 10 ಸೆಕೆಂಡಿಗೆ 7.5 ವೋಲ್ಟ್. ಇವೆರಡರ ಅಂಕಿ ಹತ್ತಿರ ಹತ್ತಿರ ಬರುತ್ತದೆ. ಜರ್ಮನಿಯ ಹಳೆಯ ಡಿಐಎನ್ ಪದ್ಧತಿಯ ಅಂಕಿ ಅದೇ ಬ್ಯಾಟರಿಗೆ ಬಹಳ ಕಡಿಮೆ ಇರುತ್ತದೆ. ಸಿಎ ಅಂತ ಮಾತ್ರ ಬರೆದಿದ್ದರೆ ಅದನ್ನು ಸೊನ್ನೆ ಡಿಗ್ರಿಯಲ್ಲಿ ಅಳೆದದ್ದು, ಅಂಕಿ ದೊಡ್ಡದಾಗಿ ಕಾಣುತ್ತದೆ. ಹೋಲಿಸುವಾಗ ಅಂಕಿಯ ಪಕ್ಕದ ಅಕ್ಷರ ಒಂದೇ ಇದೆಯಾ ನೋಡಿ.

ಕಾರಿನ ಪುಸ್ತಕ ಹೇಳುವ ಸಿಸಿಎ ಇದ್ದರೆ ಸಾಕು, ಅದಕ್ಕಿಂತ ಕಡಿಮೆ ಬೇಡ. ಜಾಸ್ತಿ ಇದ್ದರೆ ಸ್ಟಾರ್ಟರ್ ಸುಟ್ಟುಹೋಗುತ್ತದೆ ಅನ್ನುವ ಮಾತು ಸುಳ್ಳು. ಸ್ಟಾರ್ಟರ್ ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ. ಹಿಮ ಬೀಳುವ ಕಡೆ ಇರುವವರು ಸಿಸಿಎಗೆ ತಲೆ ಕೆಡಿಸಿಕೊಳ್ಳಬೇಕು. ಬೆಚ್ಚಗಿನ ಕಡೆ ಇರುವವರಿಗೆ, ನಿಂತೇ ಇರುವ ಕಾರಿನವರಿಗೆ ಆಂಪಿಯರ್-ಅವರ್ ಮುಖ್ಯ.

ಅಂದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿಯೇ? ಅರ್ಧ ಸರಿ. 60ರ ಬದಲು 70 ಹಾಕಿದರೆ, ಮೇಲಿನ ಲೆಕ್ಕದ ಪ್ರಕಾರ ಅರ್ಧಕ್ಕೆ ಇಳಿಯಲು ಐದು ದಿನ ಜಾಸ್ತಿ ಸಿಗುತ್ತದೆ. 80 ಹಾಕಿದರೆ ಹತ್ತು ದಿನ. ಯುರೋಪಿನ ಎಷ್ಟೋ ಕಾರುಗಳ ಟ್ರೇಯಲ್ಲಿ ಒಂದು ಅಳತೆ ದೊಡ್ಡದು ಕೂರುವಂತೆ ಬೋಲ್ಟಿನ ತೂತುಗಳೂ ಇರುತ್ತವೆ. ಜಾಗ ಇದ್ದರೆ, ಮೂರು ನಾಲ್ಕು ಕೆಜಿ ತೂಕ ಜಾಸ್ತಿಯಾದರೂ ಪರವಾಗಿಲ್ಲ ಅಂದರೆ, ಹಾಕಿಸಿ. ಆದರೆ ಖಾಲಿಯಾಗುವುದು ನಿಲ್ಲುವುದಿಲ್ಲ, ಸ್ವಲ್ಪ ಮುಂದಕ್ಕೆ ಹೋಗುತ್ತದೆ ಅಷ್ಟೆ. ನಾನಾದರೆ ಆ ದುಡ್ಡನ್ನು ಚಾರ್ಜರ್‌ಗೆ ಹಾಕುತ್ತೇನೆ.

ಈಗ ನಿಮ್ಮ ಗೆಳೆಯರ ಲಿಥಿಯಂ. ಇದನ್ನು ತಳ್ಳಿಹಾಕುವಂತಿಲ್ಲ, ದೊಡ್ಡ ಕಂಪನಿಗಳೇ ಮಾಡಿವೆ. ಪೋರ್ಷೆ 2009ರ ಕೊನೆಯಲ್ಲಿ 911 ಜಿಟಿ3, ಜಿಟಿ3 ಆರ್‌ಎಸ್ ಮತ್ತು ಬಾಕ್ಸ್‌ಸ್ಟರ್ ಸ್ಪೈಡರ್‌ಗೆ ಲಿಥಿಯಂ-ಅಯಾನ್ ಸ್ಟಾರ್ಟರ್ ಬ್ಯಾಟರಿಯನ್ನು ಆಯ್ಕೆಯಾಗಿ ಕೊಟ್ಟಿತು. ತೂಕ ಆರು ಕೆಜಿಗಿಂತ ಕಡಿಮೆ. 60 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿಗಿಂತ ಹತ್ತು ಕೆಜಿಗೂ ಮೀರಿ ಹಗುರ. ಕೇಳಲು ಚೆನ್ನಾಗಿದೆ. ಆದರೆ ಅದರ ಸಾಮರ್ಥ್ಯ 18 ಆಂಪಿಯರ್-ಅವರ್. ಜೊತೆಗೆ ಮಾಮೂಲಿ ಬ್ಯಾಟರಿಯನ್ನೂ ಕೊಡುತ್ತಿದ್ದರು, ಚಳಿ ಬಂದಾಗ ಬದಲಾಯಿಸಿಕೊಳ್ಳಲಿ ಅಂತ. ಪೋರ್ಷೆಯಂಥವರೇ ಎರಡು ಬ್ಯಾಟರಿ ಕೊಟ್ಟರು ಅನ್ನುವುದರಲ್ಲಿ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ.

ಉಳಿದ ಅರ್ಧ ಆ 18ರಲ್ಲಿದೆ. ಲಿಥಿಯಂ ಚಿಕ್ಕದಾದರೂ ಸ್ಟಾರ್ಟರ್‌ಗೆ ಬೇಕಾದ ಜೋರು ಕೊಡುತ್ತದೆ, ಅದರಲ್ಲಿ ಮೋಸ ಇಲ್ಲ. ಹಾಗಾಗಿ ಕೆಲವರು ಡಬ್ಬಿಯ ಮೇಲೆ ‘60ಕ್ಕೆ ಸಮ’ ಅಂತ ಬರೆಯುತ್ತಾರೆ. ಅದು ಸ್ಟಾರ್ಟ್ ಮಾಡುವ ವಿಚಾರಕ್ಕೆ ಸಮ. ನಿಂತಾಗ ತಿನ್ನುವ ಕರೆಂಟಿಗೆ ಸಮ ಅಲ್ಲ. ದಿನಕ್ಕೆ 1ರಂತೆ ತಿಂದರೆ 18 ದಿನಕ್ಕೆ ಪೂರ್ತಿ ಖಾಲಿ. ಅದಕ್ಕೆ ಮೊದಲೇ ಒಳಗಿನ ಬಿಎಂಎಸ್, ಅಂದರೆ ಕೋಶಗಳನ್ನು ಕಾಯುವ ಸರ್ಕ್ಯೂಟ್, ಸಂಪರ್ಕ ಕತ್ತರಿಸುತ್ತದೆ. ಕಾರು ಪೂರ್ತಿ ಸತ್ತಂತೆ. ನಿಮ್ಮ ಡಿಕ್ಕಿ ಬರೀ ವಿದ್ಯುತ್ ಲಾಕ್‌ನಲ್ಲಿ ತೆರೆಯುವಂಥದ್ದಾದರೆ ಬ್ಯಾಟರಿ ಒಳಗೆ, ನೀವು ಹೊರಗೆ! ಆಂಟಿಗ್ರಾವಿಟಿಯಂಥ ಕೆಲವು ಕಂಪನಿಗಳು ಸ್ವಲ್ಪ ಚಾರ್ಜನ್ನು ಕಾದಿಟ್ಟು, ಬಟನ್ ಒತ್ತಿದರೆ ಒಮ್ಮೆ ಸ್ಟಾರ್ಟ್ ಆಗುವಂತೆ ಮಾಡಿವೆ. ಒಳ್ಳೆಯ ಉಪಾಯ. ಆದರೆ ಬ್ಯಾಟರಿ ಮೇಲಿನ ಬಟನ್ ಒತ್ತಲೂ ಡಿಕ್ಕಿ ತೆರೆಯಬೇಕಲ್ಲ.

ಕಾರಿಗೆ ಹಾಕುವ ಲಿಥಿಯಂ ಸಾಮಾನ್ಯವಾಗಿ ಲಿಥಿಯಂ ಐರನ್ ಫಾಸ್ಫೇಟ್ ಜಾತಿಯದು. ತಲಾ 3.2 ವೋಲ್ಟಿನ ನಾಲ್ಕು ಕೋಶ. ಪೂರ್ತಿ ಚಾರ್ಜ್ ಆಗಿ ನಿಂತಾಗ 13.3ರ ಸುಮಾರು ತೋರಿಸುತ್ತದೆ. ಮುಕ್ಕಾಲು ಭಾಗ ಖಾಲಿಯಾಗುವವರೆಗೂ ವೋಲ್ಟೇಜ್ ಹೆಚ್ಚು ಇಳಿಯುವುದೇ ಇಲ್ಲ. ಇಲ್ಲಿ ಹಳಬರು ಮೋಸ ಹೋಗುತ್ತಾರೆ. ಸೀಸದ ಬ್ಯಾಟರಿಯಲ್ಲಿ 12.8 ಅಂದರೆ ಹೊಟ್ಟೆ ತುಂಬಿದೆ ಅಂತ. ಲಿಥಿಯಂನಲ್ಲಿ 12.8 ಅಂದರೆ ತಳ ಹತ್ತಿದೆ ಅಂತ.

ಸೊನ್ನೆ ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹ ಪದರವಾಗಿ ಕೂತು ಕೋಶ ಹಾಳಾಗುತ್ತದೆ. ಒಳ್ಳೆಯ ಬಿಎಂಎಸ್ ಅದನ್ನು ತಡೆಯುತ್ತದೆ. ಸೀಸದ ಬ್ಯಾಟರಿಯ ಚಾರ್ಜರ್‌ನಲ್ಲಿ ಸಲ್ಫೇಟ್ ತೆಗೆಯುವ ಮೋಡ್ ಇದ್ದರೆ ಅದನ್ನು ಇದಕ್ಕೆ ಹಾಕುವಂತಿಲ್ಲ, ಲಿಥಿಯಂಗೆ ಅಂತಲೇ ಮಾಡಿದ ಚಾರ್ಜರ್ ಬೇಕು. ಕೆಲವು ಸ್ಮಾರ್ಟ್ ಆಲ್ಟರ್ನೇಟರ್‌ಗಳು 15 ವೋಲ್ಟ್ ಹತ್ತಿರಕ್ಕೆ ಏರುತ್ತವೆ. ಆಗ ಕಾರು ಓಡುತ್ತಿರುವಾಗಲೇ ಬಿಎಂಎಸ್ ಬ್ಯಾಟರಿಯನ್ನು ಬಿಡಿಸಿಬಿಟ್ಟರೆ, ಆಲ್ಟರ್ನೇಟರ್‌ನ ವೋಲ್ಟೇಜ್ ಒಮ್ಮೆಲೇ ನೆಗೆದು ಕಾರಿನ ಎಲೆಕ್ಟ್ರಾನಿಕ್ಸ್‌ಗೆ ಪೆಟ್ಟು ಕೊಡಬಹುದು.

ಇಷ್ಟೆಲ್ಲ ಮಾಡಿ ಸಿಗುವುದು ಏನು? 1,000 ಕೆಜಿ ಕಾರಿನಲ್ಲಿ ಹದಿನಾಲ್ಕು ಹದಿನೈದು ಕೆಜಿ. ಶೇಕಡಾ ಒಂದೂವರೆ. ಟ್ರ್ಯಾಕ್‌ಗೆಂದೇ ಇಟ್ಟ ಕಾರಾದರೆ, ಪ್ರತಿ ಸಲ ನಿಲ್ಲಿಸಿದಾಗ ಮೇನ್ ಸ್ವಿಚ್ ಆಫ್ ಮಾಡುವವರಾದರೆ, ನಾನೇ ಹಾಕಿಸಿ ಅನ್ನುತ್ತೇನೆ. ಅಷ್ಟು ಕಡಿಮೆ ಖರ್ಚಿನಲ್ಲಿ ಬೇರೆ ಎಲ್ಲಿಂದಲೂ ಅಷ್ಟು ತೂಕ ಇಳಿಯುವುದಿಲ್ಲ. ನಿಮ್ಮದು ಅಪರೂಪಕ್ಕೆ ಟ್ರ್ಯಾಕ್. ಆ ದಿನ ಸ್ಟೆಪ್ನಿ, ಜಾಕ್, ಡಿಕ್ಕಿಯ ಸಾಮಾನು ಇಳಿಸಿ ಹೋಗಿ. ಅಷ್ಟೇ ತೂಕ, ಖರ್ಚಿಲ್ಲ.

ಅಂಗಡಿಯವರ ‘ಮಾಮೂಲಿಯೇ ಸಾಕು’ ಅನ್ನುವ ಮಾತಿಗೆ ಜಾಸ್ತಿ ಹೇಳುವುದಿಲ್ಲ. ಡಿಕ್ಕಿಯಲ್ಲಿ ಆಸಿಡ್ ತುಳುಕುವ ಬ್ಯಾಟರಿ ಬೇಡ. ಕಂಪನಿಯಿಂದ ಎಜಿಎಂ ಬಂದಿದ್ದರಂತೂ ಕೆಳಗಿಳಿಯುವ ಪ್ರಶ್ನೆಯೇ ಇಲ್ಲ. ಕಾರಿನ ಚಾರ್ಜಿಂಗ್ ಅದಕ್ಕೆ ಹೊಂದಿಸಿರುತ್ತದೆ.

ಮೈನಸ್ ಕ್ಲಾಂಪ್ ಮೇಲೆ ಸಣ್ಣ ಪೆಟ್ಟಿಗೆಯಂಥದ್ದು, ಅದಕ್ಕೊಂದು ತೆಳು ವೈರು ಇದೆಯಾ ನೋಡಿ. ಇದ್ದರೆ ಅದು ಬ್ಯಾಟರಿ ಸೆನ್ಸರ್. ಬಿಎಂಡಬ್ಲ್ಯುನಂಥ ಕಾರುಗಳಲ್ಲಿ ಹೊಸ ಬ್ಯಾಟರಿ ಹಾಕಿದ ವಿಷಯವನ್ನು ಸ್ಕ್ಯಾನರ್‌ನಿಂದ ಕಾರಿಗೆ ಹೇಳಬೇಕು. ಇಲ್ಲದಿದ್ದರೆ ಹಳೆಯದೇ ಇದೆ ಅಂದುಕೊಂಡು ಹಳೆಯದಕ್ಕೆ ಚಾರ್ಜ್ ಮಾಡಿದಂತೆಯೇ ಮಾಡುತ್ತದೆ, ಹೊಸದರ ಆಯಸ್ಸು ಕಡಿಮೆಯಾಗುತ್ತದೆ. ಜಾತಿ ಅಥವಾ ಆಂಪಿಯರ್-ಅವರ್ ಬದಲಾದರೆ ಕೋಡಿಂಗ್ ಕೂಡ ಬೇಕು, ಅಂದರೆ ಕಾರಿನ ಕಂಪ್ಯೂಟರ್‌ನಲ್ಲಿ ಆ ವಿವರವನ್ನೂ ಬದಲಿಸಬೇಕು. ಸೆನ್ಸರ್ ಇಲ್ಲದ ಹಳೆಯ ಕಾರಾದರೆ ಈ ರಗಳೆ ಇಲ್ಲ.

ಕೊಳ್ಳುವಾಗ ತಯಾರಾದ ತಿಂಗಳು ನೋಡಿ, ಅದು ಹೊಸದಾದಷ್ಟೂ ಒಳ್ಳೆಯದು. ಮಲ್ಟಿಮೀಟರ್ ಜೇಬಿನಲ್ಲಿ ಇರಲಿ, ಅಂಗಡಿಯಲ್ಲೇ ಅಳೆಯಿರಿ, ನಾಚಿಕೆ ಬೇಡ. ಎಜಿಎಂ 12.8ರ ಆಸುಪಾಸು ಇರಬೇಕು. 12.5ಕ್ಕಿಂತ ಕೆಳಗಿದ್ದರೆ ಅದು ಕಪಾಟಿನಲ್ಲಿ ಬಹಳ ದಿನ ಕೂತಿದೆ, ಬೇರೆ ಕೊಡಿ ಅನ್ನಿ.

ಬದಲಾಯಿಸುವ ದಿನ ಬಾಗಿಲಿನ ಗಾಜಿಗೆ ಚೌಕಟ್ಟು ಇಲ್ಲದ ಕಾರಾದರೆ ಗಾಜನ್ನು ಮೊದಲೇ ಸ್ವಲ್ಪ ಇಳಿಸಿಡಿ. ಇಂಥ ಕಾರುಗಳಲ್ಲಿ ಬಾಗಿಲು ತೆರೆದಾಗ ಗಾಜು ತಾನೇ ಚೂರು ಇಳಿಯುತ್ತದೆ. ಕರೆಂಟ್ ಇಲ್ಲದಾಗ ಇಳಿಯದೆ ರಬ್ಬರಿಗೆ ಸಿಕ್ಕಿಕೊಳ್ಳುತ್ತದೆ. ರೇಡಿಯೊ ಕೋಡ್ ಬೇಕಾದ ಹಳೆಯ ಕಾರಾದರೆ ಬರೆದಿಟ್ಟುಕೊಳ್ಳಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಪ್ಲಸ್ ಮೊದಲು. ಹಾಕಿದ ಮೇಲೆ ಡ್ಯಾಶ್‌ಬೋರ್ಡ್‌ನಲ್ಲಿ ಸ್ಟೆಬಿಲಿಟಿ ದೀಪ ಹತ್ತಿದರೆ ಸ್ಟೇರಿಂಗನ್ನು ಎರಡೂ ಕಡೆ ತುದಿಯವರೆಗೆ ತಿರುಗಿಸಿ, ಅಥವಾ ಸ್ವಲ್ಪ ದೂರ ಓಡಿಸಿ. ಹೆಚ್ಚಿನ ಕಾರುಗಳಲ್ಲಿ ಅಷ್ಟಕ್ಕೇ ಆರುತ್ತದೆ.

ಇದೇ ಹೊತ್ತಿನಲ್ಲಿ ಇನ್ನೊಂದು ಕೆಲಸ ಮಾಡಿ. ಬ್ಯಾಟರಿ ಪೂರ್ತಿ ಸತ್ತಾಗ ಹೊರಗಿನಿಂದ ಕರೆಂಟ್ ಎಲ್ಲಿ ಕೊಡಬೇಕು ಅಂತ ಪುಸ್ತಕದಲ್ಲಿ ಹುಡುಕಿಡಿ. ಬ್ಯಾಟರಿ ಹಿಂದೆ ಇರುವ ಎಷ್ಟೋ ಕಾರುಗಳಲ್ಲಿ ಬಾನೆಟ್ ಕೆಳಗೆ ಜಂಪ್ ಟರ್ಮಿನಲ್ ಇರುತ್ತದೆ. ಪೋರ್ಷೆ 997 ಮತ್ತು 987ರಲ್ಲಿ (911 ಮತ್ತು ಬಾಕ್ಸ್‌ಸ್ಟರ್‌ಗಳ ಒಂದು ತಲೆಮಾರು) ಬ್ಯಾಟರಿ ಮುಂದಿನ ಮುಚ್ಚಳದ ಕೆಳಗೆ, ಆ ಮುಚ್ಚಳದ ಲಾಕ್ ವಿದ್ಯುತ್ತಿನದು. ಅದಕ್ಕೇ ಡ್ರೈವರ್ ಕಾಲಿನ ಹತ್ತಿರದ ಫ್ಯೂಸ್ ಪೆಟ್ಟಿಗೆಯಿಂದ ಎಳೆದರೆ ಬರುವ ಪ್ಲಸ್ ಟರ್ಮಿನಲ್ ಕೊಟ್ಟಿದ್ದಾರೆ. ಗೊತ್ತಿದ್ದವರಿಗೆ ಐದು ನಿಮಿಷದ ಕೆಲಸ, ಗೊತ್ತಿಲ್ಲದವರಿಗೆ ಟೋಯಿಂಗ್ ಗಾಡಿ.

ಕೊನೆಗೆ ಚಾರ್ಜರ್. ಎಜಿಎಂ ಮೋಡ್ ಇರುವ, 4–5 ಆಂಪಿಯರ್‌ನ ಸ್ಮಾರ್ಟ್ ಚಾರ್ಜರ್ ಸಾಕು. ತುಂಬಿದ ಮೇಲೆ ತಾನೇ ವೋಲ್ಟೇಜ್ ಇಳಿಸಿ ಕಾಯುತ್ತಾ ಕೂರುತ್ತದೆ, ತಿಂಗಳು ಬಿಟ್ಟರೂ ತೊಂದರೆ ಇಲ್ಲ. ಸೆನ್ಸರ್ ಇರುವ ಕಾರಾದರೆ ಚಾರ್ಜರ್‌ನ ಮೈನಸ್ ಕ್ಲಿಪ್ಪನ್ನು ಬ್ಯಾಟರಿ ಗೂಟಕ್ಕೆ ಹಾಕದೆ ಬಾಡಿಯ ಅರ್ಥ್ ಬೋಲ್ಟಿಗೆ ಹಾಕಿ. ಆಗ ಎಷ್ಟು ಚಾರ್ಜ್ ಒಳಗೆ ಹೋಯಿತು ಅಂತ ಕಾರಿಗೂ ಲೆಕ್ಕ ಸಿಗುತ್ತದೆ. ಸೊರಗಿದ ಬ್ಯಾಟರಿಯನ್ನು ಚೇತರಿಸಲು ಇರುವ ರಿಕಂಡಿಷನ್ ಮೋಡ್ 15 ವೋಲ್ಟ್ ದಾಟುತ್ತದೆ. ಬ್ಯಾಟರಿ ಕಾರಿನಲ್ಲಿ ಇರುವಾಗ ಅದನ್ನು ಮುಟ್ಟಲೇಬೇಡಿ.

ನಿಲ್ಲಿಸುವ ಜಾಗದಲ್ಲಿ ಪ್ಲಗ್ ಪಾಯಿಂಟ್ ಇಲ್ಲವೇ? ಎರಡು ಮೂರು ವಾರಕ್ಕೊಮ್ಮೆ ಬ್ಯಾಟರಿ ಬಿಚ್ಚಿ ಒಳಗೆ ತಂದು ರಾತ್ರಿಯಿಡೀ ಚಾರ್ಜ್‌ಗೆ ಹಾಕಿ. ಸುಸ್ತಿನ ಕೆಲಸ, ಆದರೆ ನಡೆಯುತ್ತದೆ. ಕಾರನ್ನು ಹತ್ತು ನಿಮಿಷ ನಿಂತಲ್ಲೇ ಸ್ಟಾರ್ಟ್ ಮಾಡಿಡುವುದರಿಂದ ಮಾತ್ರ ಏನೂ ಆಗುವುದಿಲ್ಲ. ಬ್ಯಾಟರಿಗೆ ಹೋಗುವುದು ಚೂರು, ಎಂಜಿನ್ ಬಿಸಿಯಾಗದೆ ಆಯಿಲ್‌ನಲ್ಲಿ ನೀರಿನ ಪಸೆ ಸೇರುತ್ತದೆ. ಸ್ಟಾರ್ಟ್ ಮಾಡಿದರೆ ಮುಕ್ಕಾಲು ಗಂಟೆಯಾದರೂ ಓಡಿಸಿ ಬನ್ನಿ.

ಹೊಸ ಬ್ಯಾಟರಿ ಹಾಕಿ, ಪೂರ್ತಿ ಚಾರ್ಜ್ ಮಾಡಿ, ಒಂದು ಸಲ ಚಾರ್ಜರ್ ಇಲ್ಲದೆ ಎರಡು ವಾರ ಬಿಡಿ. ಆಮೇಲೆ ಕಾರು ಸ್ಟಾರ್ಟ್ ಮಾಡುವ ಮೊದಲೇ ವೋಲ್ಟೇಜ್ ನೋಡಿ ಬರೆದಿಟ್ಟುಕೊಳ್ಳಿ. 12.5 ಅಥವಾ ಅದಕ್ಕಿಂತ ಮೇಲಿದ್ದರೆ ಎಲ್ಲ ಸರಿ. 12.2 ಅಥವಾ ಅದಕ್ಕೂ ಕೆಳಗೆ ಬಂದಿದ್ದರೆ ವಾರಂಟಿ ಕಾರ್ಡ್ ಹುಡುಕುವ ಮೊದಲು ಮೀಟರ್ ಹಿಡಿದು ಇನ್ನೊಂದು ಸಲ ಫ್ಯೂಸ್ ಪೆಟ್ಟಿಗೆ ತೆರೆಯಿರಿ.